ರಂಗ ಬಿಟ್ಟರೂ ನಟನೆ ಬಿಡಲಿಲ್ಲ: ಒಬ್ಬ ಬ್ರಿಟಿಷ್ ನಟರ ಪ್ರಕರಣ

1976ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ರಂಗಮಂದಿರದಲ್ಲಿ ಒಬ್ಬ ಅನುಭವಿ ನಟರು ಪ್ರದರ್ಶನದ ಮಧ್ಯೆ ಮಾತು ನಿಂತು ಒಳಗೆ ಹೊರಟುಹೋದರು. ಆಗ ಅವರಿಗೆ 44 ವರ್ಷ. ರಂಗದ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದಿದ್ದರು. ಷೇಕ್ಸ್‌ಪಿಯರನ ರಾಜರ ಪಾತ್ರಗಳನ್ನು ಮಾಡಿದ್ದರು. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ, ಅಮೆರಿಕದ ರಂಗಭೂಮಿಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿ ಪಡೆದಿದ್ದರು. ಅಂಥವರು ಅವತ್ತಿನಿಂದ ಸುಮಾರು 17 ವರ್ಷ ರಂಗಭೂಮಿಯಿಂದ ಹೆಚ್ಚುಕಡಿಮೆ ದೂರವೇ ಉಳಿದರು. ಆದರೆ ನಟನೆ ಬಿಡಲಿಲ್ಲ. ಟಿವಿಯಲ್ಲಿ, ರೇಡಿಯೋದಲ್ಲಿ, ಸಿನಿಮಾದಲ್ಲಿ ಬಿಡುವಿಲ್ಲದೆ ದುಡಿದರು. ಅರವತ್ತು ದಾಟಿದ ಮೇಲೆ ರಂಗಕ್ಕೆ ವಾಪಸ್ ಬಂದರು. ಬಂದು ಸುಮ್ನೆ ಹೋಗಲಿಲ್ಲ, ಷೇಕ್ಸ್‌ಪಿಯರನ ಮುದಿ ರಾಜ ಲಿಯರ್ ಪಾತ್ರದಲ್ಲಿ ಅವರ ಪೀಳಿಗೆಯ ಶ್ರೇಷ್ಠರಲ್ಲಿ ಒಬ್ಬರು ಅನ್ನಿಸಿಕೊಂಡರು.

ಈ ಕಥೆಯನ್ನು ಸಾಮಾನ್ಯವಾಗಿ ಸೋಲು ಮತ್ತು ಗೆಲುವಿನ ಕಥೆಯಾಗಿ ಹೇಳುತ್ತಾರೆ: ಬಿದ್ದರು, ಎದ್ದರು. ನನಗೆ ಮುಖ್ಯ ಅನ್ನಿಸುವುದು ಎರಡರ ನಡುವಿನ ಕಾಲ. ಆ ಕಾಲದಲ್ಲಿ ಅವರು ಯಾವುದನ್ನು ಬಿಟ್ಟರು, ಯಾವುದನ್ನು ಬಿಡಲಿಲ್ಲ, ಯಾವ ಬಾಗಿಲಿನಿಂದ ಮತ್ತೆ ಒಳಗೆ ಬಂದರು. ನಟರಿಗೂ ನಿರ್ದೇಶಕರಿಗೂ ಕಲಿಯಲು ಇರುವುದು ಅಲ್ಲಿ.

ಹೆಸರು ಇಲ್ಲಿ ಹೇಳುತ್ತಿಲ್ಲ. ಅವರ ಜೊತೆ ಕೆಲಸ ಮಾಡಿದ ನಟರ, ನಿರ್ದೇಶಕರ ಹೆಸರುಗಳನ್ನೂ, ಸಮಕಾಲೀನ ನಾಟಕಗಳ ಹೆಸರುಗಳನ್ನೂ ಬಿಟ್ಟಿದ್ದೇನೆ. ಹೆಸರು ಬಂದ ಕೂಡಲೇ ನಮ್ಮ ಗಮನ ಅವರ ಸಿನಿಮಾಗಳ ಕಡೆ ಓಡುತ್ತದೆ, ಪ್ರಕರಣ ಹಿಂದೆ ಉಳಿಯುತ್ತದೆ. ಇದೇ ತೊಂದರೆ ಅನುಭವಿಸಿ, ಅದರ ಬಗ್ಗೆ ಮುಚ್ಚಿಡದೆ ಹೇಳಿಕೊಂಡ ಇನ್ನಿಬ್ಬರು ನಟರ ಹೆಸರು ಮಾತ್ರ ಬರುತ್ತದೆ. ಹೋಲಿಸಿ ನೋಡಲು ಅವು ಬೇಕು.

ಹಿನ್ನೆಲೆ

1930ರ ದಶಕದ ಆರಂಭದಲ್ಲಿ, ಲಂಡನ್ನಿಗೆ ಪೂರ್ವದಲ್ಲಿರುವ ಎಸೆಕ್ಸ್ ಸೀಮೆಯಲ್ಲಿ ಹುಟ್ಟಿದರು. ತಂದೆ ತಾಯಿ ಸ್ಕಾಟ್ಲೆಂಡ್ ಮೂಲದವರು. ತಂದೆ ಮನೋವೈದ್ಯರು, ತಾಯಿ ನರ್ಸ್. ಮನಸ್ಸಿನ ಕಾಯಿಲೆಗಳ ಬಗ್ಗೆ ಗೊತ್ತಿದ್ದ ಮನೆ ಅದು. ಆದರೂ ಮುಂದೆ ಬಂದ ತೊಂದರೆಯಿಂದ ಅದು ಅವರನ್ನು ಕಾಪಾಡಲಿಲ್ಲ. ಕಾಪಾಡಬೇಕು ಅಂತ ನಿರೀಕ್ಷಿಸುವುದೂ ಸರಿಯಲ್ಲ.

ನಟನೆ ಕಲಿತದ್ದು ಲಂಡನ್ನಿನ ರಾಡಾದಲ್ಲಿ, ಅಂದರೆ ರಾಯಲ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್‌ನಲ್ಲಿ. ಯುದ್ಧ ಮುಗಿದ ಮೇಲೂ ಆಗ ಬ್ರಿಟನ್ನಿನ ಹುಡುಗರಿಗೆ ಕಡ್ಡಾಯ ಸೈನಿಕ ಸೇವೆ ಇತ್ತು. ಹಾಗಾಗಿ ಓದು ಮಧ್ಯದಲ್ಲಿ ನಿಂತು, ಸೇವೆ ಮುಗಿಸಿ ಬಂದ ಮೇಲೆ ಮುಂದುವರಿಯಿತು. 1954ರಲ್ಲಿ ಷೇಕ್ಸ್‌ಪಿಯರನ ಊರಾದ ಸ್ಟ್ರಾಟ್‌ಫರ್ಡ್‌ನ ರಂಗಮಂದಿರಕ್ಕೆ ಸೇರಿದರು. ಮೊದಲು ಸಿಕ್ಕಿದ್ದು ಈಟಿ ಹಿಡಿದು ಹಿಂದೆ ನಿಲ್ಲುವ ಕೆಲಸ. ಒಂದು ಮಾತೂ ಇಲ್ಲ. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿದರು. 1959ರಲ್ಲಿ ಹೆಸರಾಂತ ನಟರೊಬ್ಬರು ಲಿಯರ್ ಆಗಿದ್ದಾಗ ಇವರು ಅವರ ವಿದೂಷಕ.

1961ರಲ್ಲಿ ಆ ರಂಗಮಂದಿರವೇ ರಾಯಲ್ ಷೇಕ್ಸ್‌ಪಿಯರ್ ಕಂಪನಿ ಆಯಿತು. ಅದನ್ನು ಕಟ್ಟಿದ ನಿರ್ದೇಶಕರು ಆ ಕಾಲಕ್ಕೆ ದೊಡ್ಡದೊಂದು ಕೆಲಸ ಮಾಡಿದರು. ನಟರಿಗೆ ಮೂರು ವರ್ಷದ ಒಪ್ಪಂದ ಕೊಟ್ಟರು. ಅದಕ್ಕೆ ಮುಂಚೆ ಬ್ರಿಟಿಷ್ ನಟರ ಬದುಕು ಬಹುತೇಕ ಒಂದು ಸೀಸನ್ ನಂಬಿಕೊಂಡೇ ಇರುತ್ತಿತ್ತು. ಮುಂದಿನ ಸೀಸನ್‌ಗೆ ಕರೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಮೂರು ವರ್ಷದ ಒಪ್ಪಂದ ಅಂದರೆ ಸಂಬಳ ಮಾತ್ರ ಅಲ್ಲ. ಅದೇ ಜನ, ಅದೇ ಕಟ್ಟಡ, ಅದೇ ಧ್ವನಿ ತರಬೇತಿ. ಬೆಳಿಗ್ಗೆ ಒಂದು ನಾಟಕದ ತಾಲೀಮು, ಸಂಜೆ ಇನ್ನೊಂದರ ಪ್ರದರ್ಶನ, ಮರುದಿನ ಮೂರನೆಯದು. ಇಂಥ ಕಡೆ ಬೆಳೆದ ನಟನಿಗೆ ಭಯ ಇರುವುದಿಲ್ಲ ಅಂತಲ್ಲ. ಆದರೆ ಭಯಪಡಲು ಪುರುಸೊತ್ತು ಕಡಿಮೆ, ಮತ್ತು ಪಕ್ಕದಲ್ಲಿ ನಿಂತವರು ಯಾರು ಅಂತ ಚೆನ್ನಾಗಿ ಗೊತ್ತಿರುತ್ತದೆ. ಮುಂದೆ ನಡೆದದ್ದನ್ನು ಅರ್ಥ ಮಾಡಿಕೊಳ್ಳಲು ಈ ಮಾತು ನೆನಪಿನಲ್ಲಿರಲಿ.

ಎತ್ತರ ಕಡಿಮೆ, ಐದೂವರೆ ಅಡಿಯ ಆಸುಪಾಸು. ರಾಜನ ಪಾತ್ರಕ್ಕೆ ಇಂಥವರನ್ನು ಸಾಮಾನ್ಯವಾಗಿ ಆರಿಸುವುದಿಲ್ಲ. ಆದರೆ 1963 ಮತ್ತು 64ರಲ್ಲಿ ಕಂಪನಿ ಷೇಕ್ಸ್‌ಪಿಯರನ ಐತಿಹಾಸಿಕ ನಾಟಕಗಳನ್ನು ಸರಣಿಯಾಗಿ ಆಡಿದಾಗ ಮೂರನೇ ರಿಚರ್ಡ್ ಮತ್ತು ಐದನೇ ಹೆನ್ರಿ ಎರಡೂ ಇವರ ಪಾಲಿಗೆ ಬಂದವು. 1964 ಷೇಕ್ಸ್‌ಪಿಯರ್ ಹುಟ್ಟಿದ 400ನೇ ವರ್ಷ, ಎಲ್ಲರ ಕಣ್ಣೂ ಸ್ಟ್ರಾಟ್‌ಫರ್ಡ್ ಮೇಲೆ. ಇವರ ಹೆನ್ರಿ ಅಬ್ಬರದ ವೀರನಲ್ಲ, ಸೈನಿಕರ ಮಧ್ಯೆ ಕೆಸರಿನಲ್ಲಿ ನಿಂತ ಒಬ್ಬ ಹುಡುಗ. ಸರಣಿಯ ಒಂದು ಭಾಗವನ್ನು ಬಿಬಿಸಿ ಅದೇ ರಂಗಮಂದಿರದಲ್ಲಿ ಚಿತ್ರೀಕರಿಸಿ 1965ರಲ್ಲಿ ಪ್ರಸಾರ ಮಾಡಿತು. ಟಿವಿ ನೋಡುವವರಿಗೆ ಈ ಮುಖ ಆಗಲೇ ಪರಿಚಯ ಆಯಿತು.

ಅದೇ ವರ್ಷ ಒಂದು ಸಮಕಾಲೀನ ನಾಟಕ. ಉತ್ತರ ಲಂಡನ್ನಿನ ಒಂದು ಮನೆ, ಗಂಡಸರಷ್ಟೇ ಇರುವ ಕುಟುಂಬ, ಅದಕ್ಕೆ ದೊಡ್ಡ ಮಗನ ಹೆಂಡತಿ ಬರುತ್ತಾಳೆ. ಇವರದು ಮಧ್ಯದ ಮಗನ ಪಾತ್ರ, ನಯವಾಗಿ ಮಾತಾಡುತ್ತಲೇ ಹೆದರಿಸುವವನು. 1967ರಲ್ಲಿ ಅದು ನ್ಯೂಯಾರ್ಕಿಗೆ ಹೋಯಿತು, ಟೋನಿ ಬಂತು. ಅದರ ಆಸುಪಾಸಿನಲ್ಲೇ ಅವರು ಕಂಪನಿ ಬಿಟ್ಟು ಸ್ವತಂತ್ರ ನಟರಾದರು. ಸಿನಿಮಾ, ಟಿವಿ, ಆಗೊಮ್ಮೆ ಈಗೊಮ್ಮೆ ನಾಟಕ.

ಆ ನಾಟಕ

1976ರಲ್ಲಿ ಕಂಪನಿ ಮತ್ತೆ ಕರೆಯಿತು. ಅಮೆರಿಕದ ಒಂದು ದೊಡ್ಡ ನಾಟಕ, ಆಡಿದರೆ ನಾಲ್ಕು ಗಂಟೆ ದಾಟುತ್ತದೆ. ಕುಡುಕರು ತುಂಬಿದ ಒಂದು ಬಾರ್. ಅವರೆಲ್ಲ ಒಬ್ಬ ಸೇಲ್ಸ್‌ಮನ್‌ಗಾಗಿ ಕಾಯುತ್ತಾ ಕೂತಿದ್ದಾರೆ. ಅವನು ಬಂದರೆ ಹಬ್ಬ. ಅವನು ಬರುವುದು ಮೊದಲ ಅಂಕ ಮುಗಿಯುತ್ತಾ ಬಂದಾಗ. ಕೊನೆಯ ಅಂಕದಲ್ಲಿ ಅವನಿಗೆ ಒಂದು ಉದ್ದವಾದ ಮಾತಿದೆ, ಪುಟಗಟ್ಟಲೆ, ಒಬ್ಬನೇ. ಆ ಸೇಲ್ಸ್‌ಮನ್ ನಮ್ಮ ನಟರು.

ಪಾತ್ರದ ಕಟ್ಟನ್ನು ಸ್ವಲ್ಪ ನೋಡಿ. ಸುಮಾರು ಒಂದು ಗಂಟೆ ಕಾಲ ರಂಗದ ಮೇಲಿನವರು ಅವನ ಬಗ್ಗೆಯೇ ಮಾತಾಡುತ್ತಾರೆ. ಸಾವಿರಕ್ಕೂ ಹೆಚ್ಚು ಪ್ರೇಕ್ಷಕರು ಹಿಡಿಯುವ ಮಂದಿರವೂ ಅವನಿಗಾಗಿ ಕಾಯುತ್ತದೆ. ನಟ ಮಾತ್ರ ಸೈಡ್‌ವಿಂಗ್‌ನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ ನಿಂತು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿರುತ್ತಾನೆ. ಒಳಗೆ ಬಂದ ಕ್ಷಣದಿಂದ ನಾಟಕದ ಶಕ್ತಿಯೆಲ್ಲ ಅವನಿಂದಲೇ ಹುಟ್ಟಬೇಕು. ಕೊನೆಗೆ ಆ ಉದ್ದನೆಯ ಮಾತು ಕಾದಿದೆ. ಅದು ಹೊಳೆ ಅಂತ ಎಲ್ಲರಿಗೂ ಗೊತ್ತು, ದಾಟಬೇಕಾದವನು ಒಬ್ಬನೇ. ಭಯಕ್ಕೆ ಇದಕ್ಕಿಂತ ಒಳ್ಳೆ ನೆಲ ಸಿಗುವುದು ಕಷ್ಟ ಅಂತ ನನಗೆ ಅನ್ನಿಸುತ್ತದೆ.

ಬ್ರಿಟನ್ನಿನಲ್ಲಿ ವಿಮರ್ಶಕರನ್ನು ಕರೆಯುವ ರಾತ್ರಿಗೆ ಮುಂಚೆ ಕೆಲವು ಪ್ರೀವ್ಯೂ ಪ್ರದರ್ಶನ ಇರುತ್ತವೆ. ಟಿಕೆಟ್ ಕೊಂಡ ನಿಜವಾದ ಪ್ರೇಕ್ಷಕರೇ ಇರುತ್ತಾರೆ, ಆದರೆ ನಾಟಕ ಇನ್ನೂ ಕುದುರುತ್ತಿರುತ್ತದೆ. ಅಂಥ ಒಂದು ಪ್ರೀವ್ಯೂನಲ್ಲಿ ಇವರ ಮಾತು ನಿಂತಿತು. ಒಂದು ಸಾಲು ಮರೆತದ್ದಲ್ಲ. ಒಳಗೆ ಒಂದೊಂದೇ ಬಾಗಿಲು ಮುಚ್ಚುತ್ತಾ ಬಂತು, ಜೈಲಿನ ಬಾಗಿಲುಗಳ ಹಾಗೆ, ಅಂತ ಮುಂದೆ ಅವರೇ ವಿವರಿಸಿದ್ದಾರೆ. ರಂಗದಿಂದ ಒಳಗೆ ಹೋದರು. ಆ ಪಾತ್ರಕ್ಕೆ ಮತ್ತೆ ಬರಲಿಲ್ಲ. ಬೇರೆ ನಟರೊಬ್ಬರು ಪಾತ್ರ ವಹಿಸಿಕೊಂಡು ನಾಟಕ ಶುರುವಾಯಿತು.

ಏನಾಗಿತ್ತು

ಸಾಲು ಮರೆಯುವುದು ಎಲ್ಲ ನಟರಿಗೂ ಆಗುತ್ತದೆ. ಪಕ್ಕದವರು ಒಂದು ಮಾತು ಎತ್ತಿಕೊಡುತ್ತಾರೆ, ಇಲ್ಲವೇ ನಟನೇ ಏನೋ ಸೇರಿಸಿ ದಾಟಿಬಿಡುತ್ತಾನೆ. ಅರ್ಧ ನಿಮಿಷದಲ್ಲಿ ಮುಗಿಯಿತು. ರಂಗಭಯ ಬೇರೆ. ಅಲ್ಲಿ ತೊಂದರೆ ನೆನಪಿನದ್ದಲ್ಲ, ಗಮನದ್ದು.

ಚೆನ್ನಾಗಿ ಕಲಿತ ಮಾತು ತಾನಾಗಿಯೇ ಬರುತ್ತದೆ. ನಟನ ಗಮನ ಎದುರಿಗಿರುವವರ ಮೇಲೆ, ಆ ಕ್ಷಣದಲ್ಲಿ ತನಗೆ ಬೇಕಿರುವುದರ ಮೇಲೆ ಇರುತ್ತದೆ. ಭಯ ಹೆಚ್ಚಾದಾಗ ಆ ಗಮನ ಒಳಗೆ ತಿರುಗುತ್ತದೆ: ಮುಂದಿನ ಸಾಲು ಏನು, ಬರುತ್ತದಾ, ಬರದೇ ಹೋದರೆ? ಮೆಟ್ಟಿಲು ಇಳಿಯುವಾಗ ಪ್ರತಿ ಹೆಜ್ಜೆಯನ್ನೂ ಯೋಚಿಸಿ ಇಟ್ಟರೆ ಎಡವುವುದೇ ಜಾಸ್ತಿ, ಅಲ್ವಾ? ಹಾಗೆಯೇ ಇದು. ಜೊತೆಗೆ ದೇಹವೂ ಅಪಾಯ ಬಂದಿದೆ ಅಂತ ತಿಳಿದುಕೊಳ್ಳುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಉಸಿರು ಮೇಲಕ್ಕೆ ಬರುತ್ತದೆ. ಹೀಗೆ ಒಮ್ಮೆ ಆದ ಮೇಲೆ ನಟ ಹೆದರುವುದು ಪ್ರೇಕ್ಷಕರಿಗೆ ಅಲ್ಲ, ಆ ಭಯ ಮತ್ತೆ ಬರುತ್ತದೆ ಅನ್ನೋದಕ್ಕೆ. ಅನುಭವ ಇದ್ದರೆ ಇದು ಬರುವುದಿಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಬಹಳ ಇದೆ. ಅದು ತಪ್ಪು. ಹೊಸಬನಿಗೆ ಕಳೆದುಕೊಳ್ಳಲು ಏನೂ ಇರುವುದಿಲ್ಲ. ಹೆಸರು ಮಾಡಿದವರಿಗೆ ಪ್ರತಿ ರಾತ್ರಿ ಆ ಹೆಸರನ್ನೂ ಹೊತ್ತುಕೊಂಡು ಒಳಗೆ ಬರಬೇಕು.

ಲಾರೆನ್ಸ್ ಒಲಿವಿಯೇ ಅವರನ್ನೇ ನೋಡಿ. 1960ರ ದಶಕದಲ್ಲಿ ನ್ಯಾಷನಲ್ ಥಿಯೇಟರ್‌ನ ಮುಖ್ಯಸ್ಥರು, ಬ್ರಿಟಿಷ್ ರಂಗಭೂಮಿಯ ಅತಿ ದೊಡ್ಡ ಹೆಸರು. ಐವತ್ತು ದಾಟಿದ ಮೇಲೆ ಅವರನ್ನು ಈ ಭಯ ಹಿಡಿಯಿತು, ವರ್ಷಗಟ್ಟಲೆ ಬಿಡಲಿಲ್ಲ. ಒಥೆಲೋ ಆಡುವಾಗ ಇಯಾಗೊ ಪಾತ್ರದವರಿಗೆ, ನನಗೆ ಕಾಣುವ ಹಾಗೆ ಸೈಡ್‌ವಿಂಗ್‌ನಲ್ಲೇ ನಿಂತಿರಿ, ಪೂರ್ತಿ ಹೋಗಬೇಡಿ ಅಂತ ಕೇಳಿಕೊಂಡಿದ್ದರು. ಇನ್ನೊಂದು ನಾಟಕದಲ್ಲಿ ಸಹನಟರಿಗೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ ಅಂದಿದ್ದರು. ಅವರು ರಂಗ ಬಿಡಲಿಲ್ಲ, ಭಯದ ಜೊತೆಗೇ ಆಡಿದರು.

ಇನ್ನೊಬ್ಬ ಬ್ರಿಟಿಷ್ ನಟ ಡೆರೆಕ್ ಜಾಕೋಬಿ ಅವರಿಗೆ ಷೇಕ್ಸ್‌ಪಿಯರನ ಹ್ಯಾಮ್ಲೆಟ್ ಆಡುತ್ತಿದ್ದಾಗ ಈ ಭಯ ಬಂತು, ಅದೂ ಎಲ್ಲರಿಗೂ ಬಾಯಿಪಾಠ ಇರುವ ಸ್ವಗತದ ಹತ್ತಿರ. ಅವರು ಎರಡು ಮೂರು ವರ್ಷ ರಂಗದಿಂದ ದೂರ ಉಳಿದು, 1982ರಲ್ಲಿ ರಾಯಲ್ ಷೇಕ್ಸ್‌ಪಿಯರ್ ಕಂಪನಿಯ ಕರೆ ಒಪ್ಪಿಕೊಂಡು ವಾಪಸ್ ಬಂದರು. ಆ ಕರೆಗೆ ಇಲ್ಲ ಅಂದರೆ ಮುಂದೆಂದೂ ರಂಗ ಹತ್ತಲಾರೆ ಅನ್ನುವ ಭಾವನೆ ಅವರಿಗಿತ್ತು.

ಹಾಗಾದರೆ ಮೂವರಿಗೂ ಒಂದೇ ತೊಂದರೆ, ಮೂರು ದಾರಿ. ಒಬ್ಬರು ಬಿಡಲೇ ಇಲ್ಲ. ಒಬ್ಬರು ಸ್ವಲ್ಪ ಕಾಲ ಬಿಟ್ಟು ಬಂದರು. ನಮ್ಮ ನಟರು ಬಹಳ ಕಾಲ ಬಿಟ್ಟರು. ಒಲಿವಿಯೇ ದಾರಿಯನ್ನು ಧೈರ್ಯ ಅಂತಲೂ, ಉಳಿದದ್ದನ್ನು ಅಂಜುಬುರುಕತನ ಅಂತಲೂ ಅಳೆಯುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಒಲಿವಿಯೇ ತಮ್ಮದೇ ಕಂಪನಿಯ ಯಜಮಾನರು. ಅಲ್ಲಿ ನಿಲ್ಲಿ, ಇಲ್ಲಿ ನೋಡಬೇಡಿ ಅಂತ ಹೇಳಿದರೆ ಕೇಳುವ ಜನ ಸುತ್ತ ಇದ್ದರು. ಜಾಕೋಬಿ ಅವರಿಗೆ ಬಂದದ್ದು ಕಾದು ಕುಳಿತ ಒಂದು ಕಂಪನಿಯ ಕರೆ. ನಮ್ಮ ನಟರು ಕಂಪನಿ ಬಿಟ್ಟು ಹತ್ತಿರ ಹತ್ತಿರ ಹತ್ತು ವರ್ಷದ ಮೇಲೆ, ಅತಿ ಭಾರದ ಪಾತ್ರ ಹೊತ್ತು ಬಂದವರು. ದಿನಾ ಜೊತೆಗಿದ್ದು ಬೆಳೆದ ಆ ಹಳೆಯ ತಂಡ ಅಷ್ಟರಲ್ಲಿ ಚದುರಿತ್ತು.

ಬಿಟ್ಟದ್ದು ಏನು, ಉಳಿಸಿಕೊಂಡದ್ದು ಏನು

ಮೊದಲ ತೀರ್ಮಾನ, ಆ ಪಾತ್ರದಿಂದ ಪೂರ್ತಿ ಹೊರಗೆ ಬರುವುದು. ಮನೋವೈದ್ಯರು ಸಾಮಾನ್ಯವಾಗಿ ಇದರ ಬಗ್ಗೆ ಎಚ್ಚರಿಕೆ ಕೊಡುತ್ತಾರೆ. ಭಯ ಹುಟ್ಟಿಸುವ ಜಾಗದಿಂದ ದೂರ ಹೋದರೆ ತಕ್ಷಣ ನೆಮ್ಮದಿ ಸಿಗುತ್ತದೆ. ಆ ನೆಮ್ಮದಿಯೇ ಮನಸ್ಸಿಗೆ ಪಾಠ ಆಗುತ್ತದೆ: ದೂರ ಇದ್ದರೆ ಕ್ಷೇಮ. ಪ್ರತಿ ಸಲ ದೂರ ಉಳಿದಾಗಲೂ ಭಯ ಇನ್ನಷ್ಟು ಗಟ್ಟಿಯಾಗುತ್ತದೆ. ಇವರ ವಿಷಯದಲ್ಲೂ ಅದು ನಿಜ ಆಯಿತು ಅನ್ನಿಸುತ್ತದೆ. 1979ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನ ಒಂದು ಪುಟ್ಟ ರಂಗಮಂದಿರದಲ್ಲಿ ರಷ್ಯಾದ ಚೆಕಾಫನ ನಾಟಕವೊಂದರಲ್ಲಿ ಆಡಿದರು. ಅದು ಹಾಗೇ ಮುಂದುವರಿಯಲಿಲ್ಲ. ಅದಾದ ಮೇಲೆ ಮತ್ತೆ ಬಹಳ ವರ್ಷ ರಂಗ ಇಲ್ಲ.

ಎರಡನೇ ತೀರ್ಮಾನ ಇಡೀ ಪ್ರಕರಣದ ತಿರುವು ಅಂತ ನಾನು ನಂಬಿದ್ದೇನೆ. ರಂಗ ಬಿಟ್ಟರೂ ಕೆಲಸ ನಿಲ್ಲಿಸಲಿಲ್ಲ. 1978ರಲ್ಲೇ ಬಿಬಿಸಿಯ ಮೂರು ಕಂತಿನ ನಾಟಕವೊಂದರಲ್ಲಿ, ಮಕ್ಕಳಿಗಾಗಿ ಪ್ರಸಿದ್ಧ ನಾಟಕ ಬರೆದ ಒಬ್ಬ ಲೇಖಕನ ಪಾತ್ರ ಮಾಡಿದರು. ಬೇರೆಯವರ ಮಕ್ಕಳನ್ನು ತನ್ನವರಂತೆ ಹಚ್ಚಿಕೊಂಡ, ಒಳಗೇ ಒಂಟಿಯಾದ ಮನುಷ್ಯ. ಬ್ರಿಟಿಷ್ ಟಿವಿಯ ಅತ್ಯುತ್ತಮ ಅಭಿನಯಗಳ ಪಟ್ಟಿ ಮಾಡುವವರು ಇದನ್ನು ಬಿಡುವುದಿಲ್ಲ. ಆಲ್ಡ್‌ವಿಚ್‌ನಲ್ಲಿ ಮಾತು ನಿಂತು ಆಗ ಎರಡು ವರ್ಷ ಅಷ್ಟೇ ಆಗಿತ್ತು.

ಟಿವಿಯಲ್ಲಿ ಏಕೆ ಸಾಧ್ಯ ಆಯಿತು? ಟಿವಿ ಯಾವಾಗಲೂ ನಟನಿಗೆ ಸುಲಭದ ಜಾಗ ಆಗಿರಲಿಲ್ಲ. 1950ರ ದಶಕದಲ್ಲಿ ಬ್ರಿಟಿಷ್ ಟಿವಿ ನಾಟಕಗಳು ನೇರಪ್ರಸಾರ. 1958ರಲ್ಲಿ ಅಂಥ ಒಂದು ನಾಟಕದ ಮಧ್ಯೆ ಯುವನಟನೊಬ್ಬ ಹೃದಯಾಘಾತದಿಂದ ತೀರಿಹೋದ. ಉಳಿದ ನಟರು ಅವನ ಪಾತ್ರ ಇಲ್ಲದೆಯೇ ಹೇಗೋ ಕಥೆ ಹೊಂದಿಸಿ, ಪ್ರಸಾರ ನಿಲ್ಲಿಸದೆ ಮುಗಿಸಿದರು. ಆ ಕಾಲದಲ್ಲಿ ಮಾತು ನಿಂತಿದ್ದರೆ ಲಕ್ಷಾಂತರ ಮನೆಗಳಲ್ಲಿ ನಿಲ್ಲುತ್ತಿತ್ತು. 1970ರ ದಶಕದ ಹೊತ್ತಿಗೆ ಎಲ್ಲ ಬದಲಾಗಿತ್ತು. ಬಿಬಿಸಿಗೆ ಉತ್ತರ ಆಕ್ಟನ್‌ನಲ್ಲಿ ತಾಲೀಮಿಗೆಂದೇ ಒಂದು ದೊಡ್ಡ ಕಟ್ಟಡ ಇತ್ತು. ನೆಲದ ಮೇಲೆ ಬಣ್ಣದ ಟೇಪ್ ಅಂಟಿಸಿ ಇದು ಬಾಗಿಲು, ಇದು ಗೋಡೆ ಅಂತ ಗುರುತು ಮಾಡಿ ದಿನಗಟ್ಟಲೆ ತಾಲೀಮು. ರಂಗಭೂಮಿಯ ಶಿಸ್ತೇ. ಆಮೇಲೆ ಸ್ಟುಡಿಯೋದಲ್ಲಿ ದೃಶ್ಯ ದೃಶ್ಯವಾಗಿ ರೆಕಾರ್ಡಿಂಗ್. ಮಾತು ತಪ್ಪಿದರೆ ಇನ್ನೊಂದು ಟೇಕ್. ತಾಲೀಮಿನ ಆಳ ಇದೆ, ಹಿಂತಿರುಗಲಾರದ ಹೊಳೆ ಇಲ್ಲ.

ರೇಡಿಯೋ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಸ್ಕ್ರಿಪ್ಟ್ ಕೈಯಲ್ಲೇ ಇರುತ್ತದೆ. 1981ರಲ್ಲಿ ಬಿಬಿಸಿ ರೇಡಿಯೋ ಒಂದು ದೊಡ್ಡ ಕಾಲ್ಪನಿಕ ಮಹಾಕಥೆಯನ್ನು 26 ಕಂತುಗಳಲ್ಲಿ ಪ್ರಸಾರ ಮಾಡಿತು. ಮುಖ್ಯ ಪಾತ್ರ ಇವರದು. ಭಾರವಾದ ಹೊರೆ ಹೊತ್ತು, ದಾರಿಯುದ್ದಕ್ಕೂ ಕುಗ್ಗುತ್ತಾ ನಡೆಯುವ ಒಬ್ಬ ಚಿಕ್ಕ ಮನುಷ್ಯ. ಧ್ವನಿಯೊಂದರಲ್ಲೇ ಅದನ್ನು ತಂದರು. ಬಾಯಿಪಾಠದ ಭಾರ ಇಲ್ಲದೆ ದೊಡ್ಡ ಪಾತ್ರದ ಪೂರ್ತಿ ದಾರಿ ನಡೆಯುವ ಅವಕಾಶ ಅದು. ಇದನ್ನು ಚಿಕಿತ್ಸೆ ಅಂತ ಯಾರೂ ಯೋಜಿಸಿರಲಿಲ್ಲ. ಕೆಲಸ ಬಂತು, ಮಾಡಿದರು. ಆದರೆ ಮಾಡಿದ ಕೆಲಸ ಒಳಗೆ ಏನೋ ಕಟ್ಟುತ್ತಲೇ ಇತ್ತು ಅನ್ನಿಸುತ್ತದೆ.

ಸಿನಿಮಾದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1981ರ ಒಂದು ಬ್ರಿಟಿಷ್ ಚಿತ್ರದಲ್ಲಿ ಓಟದ ತರಬೇತುದಾರನ ಪಾತ್ರಕ್ಕೆ ಬ್ರಿಟನ್ನಿನ ಸಿನಿಮಾ ಪ್ರಶಸ್ತಿಯಾದ ಬಾಫ್ತಾವೂ ಆಸ್ಕರ್ ನಾಮನಿರ್ದೇಶನವೂ ಬಂದವು. ಜಗತ್ತಿಗೆ ಗೊತ್ತಾದರು. 1988ರಲ್ಲಿ 13 ಕಂತಿನ ಗೂಢಚಾರ ಧಾರಾವಾಹಿಯೊಂದರ ನಾಯಕ. ಅದನ್ನು ನೋಡಿದವರು ಕಡಿಮೆ. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ. ಕ್ಯಾಮೆರಾ ಮುಂದೆ ಅವರಿಗೆ ಸೋಲೂ ಬಂದಿತ್ತು. ಸೋತರೂ ಕೆಲಸ ನಿಲ್ಲಲಿಲ್ಲ. ಹಾಗಾದರೆ ಅವರನ್ನು ರಂಗದಿಂದ ದೂರ ಇಟ್ಟದ್ದು ಸೋಲಿನ ಭಯ ಅಲ್ಲ. ನಡುವೆ ನಿಲ್ಲಲಾಗದ, ಹಿಂದೆ ಹೋಗಲಾಗದ ಆ ಸ್ಥಿತಿಯ ಭಯ.

ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. 45ರಿಂದ 60 ಅಂದರೆ ಷೇಕ್ಸ್‌ಪಿಯರ್ ನಟನಿಗೆ ಫಸಲಿನ ಕಾಲ. ಮ್ಯಾಕ್‌ಬೆತ್, ಇಯಾಗೊ ತರಹದ ಪಾತ್ರಗಳ ವಯಸ್ಸು. ಅದು ರಂಗದ ಹೊರಗೆ ಕಳೆಯಿತು. ಎಲ್ಲ ಒಳ್ಳೆಯದಕ್ಕೇ ಆಯಿತು ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಆ ಪಾತ್ರಗಳನ್ನು ಇವರು ಆಡಿದ್ದನ್ನು ಯಾರೂ ನೋಡಲಿಲ್ಲ, ಇನ್ನು ನೋಡುವುದೂ ಇಲ್ಲ.

ವಾಪಸ್ ಬಂದ ಬಾಗಿಲು

1993. ಉತ್ತರ ಲಂಡನ್ನಿನ ಅಲ್ಮೇಡಾ ರಂಗಮಂದಿರ, ಮುನ್ನೂರು ಚಿಲ್ಲರೆ ಆಸನ. ನಾಟಕ ಬರೆದವರು 1965ರಲ್ಲಿ ಆ ಮಧ್ಯದ ಮಗನ ಪಾತ್ರ ಕೊಟ್ಟಿದ್ದ ಅದೇ ನಾಟಕಕಾರ. ಪಾತ್ರ, ಸಾಯುತ್ತಾ ಮಲಗಿರುವ ಒಬ್ಬ ತಂದೆ. ಸಿಟ್ಟು, ತಮಾಷೆ, ಬೈಗುಳ, ಎಲ್ಲವೂ ಹಾಸಿಗೆಯಿಂದ.

ಈ ನಾಲ್ಕನ್ನೂ ಜೋಡಿಸಿ ನೋಡಿ. ಮಂದಿರ ಚಿಕ್ಕದು, ಕೊನೆಯ ಸಾಲಿನವರ ಉಸಿರೂ ಕೇಳಿಸುವಷ್ಟು ಹತ್ತಿರ. ಬರೆದವರು ಸುಮಾರು ಮೂವತ್ತು ವರ್ಷದಿಂದ ಬಲ್ಲವರು, ಅವರ ವಾಕ್ಯದ ಲಯ ಇವರ ಬಾಯಿಗೆ ಹಳೆಯ ಪರಿಚಯ. ದೇಹಕ್ಕೆ ಆಧಾರ ಇದೆ, ನಡುರಂಗದಲ್ಲಿ ಕಾಲು ನಡುಗುತ್ತಾ ನಿಲ್ಲಬೇಕಿಲ್ಲ. ಪಾತ್ರ ದೊಡ್ಡದೇ, ಆದರೆ ಆಲ್ಡ್‌ವಿಚ್‌ನ ಹಾಗೆ ಇಡೀ ಮಂದಿರ ಕಾಯುತ್ತಿರುವಾಗ ಒಳಗೆ ನುಗ್ಗಬೇಕಾದ್ದಲ್ಲ. ಇದನ್ನು ಯಾರಾದರೂ ಲೆಕ್ಕ ಹಾಕಿ ಹೊಂದಿಸಿದರು ಅಂತ ನಾನು ಹೇಳುತ್ತಿಲ್ಲ. 1976ರಲ್ಲಿ ಅವರ ವಿರುದ್ಧ ಇದ್ದದ್ದೆಲ್ಲ 1993ರಲ್ಲಿ ಅವರ ಪರ ಇತ್ತು ಅನ್ನೋದು ಮಾತ್ರ ಕಣ್ಣಿಗೆ ಕಾಣುತ್ತದೆ. ನಾಟಕ ಗೆದ್ದಿತು, ಲಂಡನ್ನಿನ ದೊಡ್ಡ ರಂಗಮಂದಿರಗಳಿರುವ ವೆಸ್ಟ್ ಎಂಡ್‌ಗೆ ಹೋಯಿತು, ಆ ವರ್ಷದ ಅತ್ಯುತ್ತಮ ನಟ ಪ್ರಶಸ್ತಿಯೂ ಇವರಿಗೇ ಬಂತು.

ನಾಲ್ಕು ವರ್ಷ ಕಳೆದು, 1997ರಲ್ಲಿ ನ್ಯಾಷನಲ್ ಥಿಯೇಟರ್‌ನಲ್ಲಿ ಲಿಯರ್. ಅಲ್ಲಿ ಮೂರು ರಂಗಮಂದಿರಗಳಿವೆ. ದೊಡ್ಡದರಲ್ಲಿ 1,100ಕ್ಕೂ ಹೆಚ್ಚು ಆಸನ. ಆ ಸಂಸ್ಥೆ ಬಿಟ್ಟು ಹೊರಡಲಿದ್ದ ನಿರ್ದೇಶಕರ ಕೊನೆಯ ಕೊಡುಗೆ, ಇಷ್ಟು ದೊಡ್ಡ ನಟ, ಇಷ್ಟು ದೊಡ್ಡ ನಾಟಕ. ಅದನ್ನು ದೊಡ್ಡ ಮಂದಿರದಲ್ಲಿ ಇಟ್ಟಿದ್ದರೂ ಟಿಕೆಟ್ ಉಳಿಯುತ್ತಿರಲಿಲ್ಲ. ಆದರೆ ಆಡಿದ್ದು ಅತಿ ಚಿಕ್ಕದಾದ ಕಾಟ್ಸ್‌ಲೋದಲ್ಲಿ. ರಾಜ್ಯದ ಕಥೆ ಒಂದು ಮನೆಯ ಜಗಳದಷ್ಟು ಹತ್ತಿರ ಬಂತು. ಹಟಮಾರಿ ಅಪ್ಪ, ಅವನಿಗೆ ಹೆದರಿ ಬೆಳೆದ ಹೆಣ್ಣುಮಕ್ಕಳು. ಬಿರುಗಾಳಿಯ ದೃಶ್ಯದಲ್ಲಿ 65ರ ಈ ನಟರು ಮೈಮೇಲಿನ ಬಟ್ಟೆಯನ್ನೆಲ್ಲ ಕಿತ್ತು ಬೆತ್ತಲೆ ನಿಂತರು. ಪ್ರೇಕ್ಷಕರ ಕಣ್ಣಿಗೆ ಹೆದರಿ ಒಳಗೆ ಹೋದವರು ಅಂತ ಯಾರಾದರೂ ಅಂದುಕೊಂಡಿದ್ದರೆ, ಅವರು ಈ ದೃಶ್ಯದ ಬಗ್ಗೆ ಯೋಚಿಸಬೇಕು. ನೋಡಿಸಿಕೊಳ್ಳುವುದಕ್ಕೆ ಅವರು ಎಂದೂ ಹೆದರಿರಲಿಲ್ಲ.

1998ರಲ್ಲಿ, ಲಾರೆನ್ಸ್ ಒಲಿವಿಯೇ ಹೆಸರಿನಲ್ಲಿರುವ ಲಂಡನ್ ರಂಗಭೂಮಿಯ ದೊಡ್ಡ ಪ್ರಶಸ್ತಿ ಬಂತು, ಸರ್ ಪದವಿಯೂ ಬಂತು. ಅದೇ ವರ್ಷ ಬಿಬಿಸಿ ಆ ಲಿಯರ್ ಅನ್ನು ಟಿವಿಗೆ ತಂದಿತು. ರಂಗ ಬಿಟ್ಟಾಗ ಆಸರೆ ಕೊಟ್ಟ ಮಾಧ್ಯಮವೇ ಇವರ ರಂಗದ ಕೆಲಸವನ್ನು ನಮ್ಮಂಥವರಿಗೂ ಉಳಿಸಿಕೊಟ್ಟಿತು. ಕಾಟ್ಸ್‌ಲೋದ ಮುನ್ನೂರು ಚಿಲ್ಲರೆ ಕುರ್ಚಿಗಳಲ್ಲಿ ನಮಗೆ ಜಾಗ ಎಲ್ಲಿ ಸಿಗಬೇಕಿತ್ತು? 2001ರಲ್ಲಿ 1965ರ ಆ ಸಮಕಾಲೀನ ನಾಟಕಕ್ಕೇ ಮರಳಿದರು, ಈ ಸಲ ಮಗನಾಗಿ ಅಲ್ಲ, ಮನೆಯ ಮುದಿ ಅಪ್ಪನಾಗಿ. ಡಬ್ಲಿನ್‌ನಲ್ಲಿ ಶುರುವಾಗಿ ನ್ಯೂಯಾರ್ಕ್, ಲಂಡನ್‌ವರೆಗೆ ಹೋಯಿತು.

ಇದರಿಂದ ನಾನು ತೆಗೆದುಕೊಂಡದ್ದು

ನಟರಿಗೆ ಮೊದಲು. ರಂಗಭಯ ಬಂದಾಗ ಸಾಮಾನ್ಯವಾಗಿ ಎರಡೇ ಆಯ್ಕೆ ಕಾಣುತ್ತವೆ: ಹಲ್ಲು ಕಚ್ಚಿ ಆಡು, ಇಲ್ಲವೇ ನಟನೆ ಬಿಡು. ಮೂರನೆಯದೂ ಇದೆ. ಕೆಲಸ ಬಿಡಬೇಡ, ಜಾಗ ಬದಲಾಯಿಸು. ನೆನಪಿನ ಭಾರ ಕಡಿಮೆ ಇರುವ ಕಡೆ, ನಿಲ್ಲಿಸಿ ಮತ್ತೆ ಶುರು ಮಾಡಬಹುದಾದ ಕಡೆ ಹೋಗು. ಕನ್ನಡದ ನಟರಿಗೆ ಇವತ್ತು ಆಡಿಯೋ ಪುಸ್ತಕ, ಡಬ್ಬಿಂಗ್, ಧಾರಾವಾಹಿ, ಕಿರುಚಿತ್ರ ಎಲ್ಲ ಇವೆ. ಅವನ್ನು ನಾಟಕಕ್ಕಿಂತ ಕೆಳಗಿನವು ಅಂತ ನೋಡಬೇಡಿ. ಆದರೆ ಜಾಗ ಬದಲಾಯಿಸಿದ ದಿನವೇ, ವಾಪಸ್ ಬರುವ ಚಿಕ್ಕ ದಾರಿಯೊಂದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ. 17 ವರ್ಷ ಕಾಯಬೇಕಾಗಿಲ್ಲ. ಎದೆ ಹೊಡೆತ, ಉಸಿರುಗಟ್ಟುವುದು ತಾಲೀಮಿನಲ್ಲೂ ಮನೆಯಲ್ಲೂ ಬರಲು ಶುರುವಾದರೆ ವೈದ್ಯರ ಹತ್ತಿರ ಹೋಗಿ. ಈಗ ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಭಯದ ಜಾಗಕ್ಕೆ ಸ್ವಲ್ಪ ಸ್ವಲ್ಪವಾಗಿ ಮರಳುವುದನ್ನು ಅವರು ಕಲಿಸುತ್ತಾರೆ.

ನಿರ್ದೇಶಕರಿಗೆ ಹೇಳುವುದು ಇನ್ನೂ ಜಾಸ್ತಿ ಇದೆ, ಏಕೆಂದರೆ ಈ ಪ್ರಕರಣದಲ್ಲಿ ಗೆದ್ದದ್ದು ನಟನ ಛಲ ಮಾತ್ರ ಅಲ್ಲ. ಮಂದಿರದ ಅಳತೆ, ಪಾತ್ರದ ಕಟ್ಟು, ಪಕ್ಕದಲ್ಲಿರುವ ಜನ, ಇವೂ ಗೆದ್ದವು. ಇವು ನಟನ ಕೈಯಲ್ಲಿಲ್ಲ, ನಿರ್ದೇಶಕರ ಕೈಯಲ್ಲಿವೆ. ಒಬ್ಬ ಒಳ್ಳೆಯ ನಟ ಒಂದು ರಾತ್ರಿ ನಿಂತುಹೋದರೆ ಮುಂದಿನ ನಾಟಕಕ್ಕೂ ಕರೆಯಿರಿ, ಆದರೆ ಬೇರೆ ಪಾತ್ರಕ್ಕೆ. ಉದ್ದ ಕಡಿಮೆ ಇರಲಿ, ರಂಗದ ಮೇಲೆ ಒಬ್ಬನೇ ಇರುವ ಹೊತ್ತು ಕಡಿಮೆ ಇರಲಿ, ಕೂರಲು ಕುರ್ಚಿ ಇರಲಿ. ಮೊದಲು ಐವತ್ತು ಜನರ ಮುಂದೆ ಆಡಿಸಿ. ಏನಾಯಿತು ಅಂತ ತಂಡದ ಮುಂದೆ ಕೇಳಬೇಡಿ, ಒಬ್ಬರೇ ಇದ್ದಾಗ ಕೇಳಿ.

ನಮ್ಮ ಹವ್ಯಾಸಿ ತಂಡಗಳಲ್ಲಿ ಬದಲಿ ನಟರನ್ನು ಸಿದ್ಧ ಮಾಡಿ ಇಡುವ ಪದ್ಧತಿ ಅಪರೂಪ, ಅದಕ್ಕೆ ಸಮಯವೂ ಇಲ್ಲ, ಜನವೂ ಇಲ್ಲ. ನಾನು ಬಯಸುವುದು ಅದಕ್ಕಿಂತ ಚಿಕ್ಕದು. ಸೈಡ್‌ವಿಂಗ್‌ನಲ್ಲಿ ಸ್ಕ್ರಿಪ್ಟ್ ಹಿಡಿದ ಒಬ್ಬರು ಪೂರ್ತಿ ಪ್ರದರ್ಶನ ನಿಂತಿರಲಿ. ಹಳೆಯ ಕಂಪನಿ ನಾಟಕಗಳಲ್ಲಿ ಪ್ರಾಂಪ್ಟರ್ ಇರುತ್ತಿದ್ದರು. ಪಾತ್ರ ಕಲಿಯದವರಿಗೆ ಪ್ರಾಂಪ್ಟರ್ ಬೇಕು ಅಂತ ಆಮೇಲೆ ನಾವೇ ಅಂದುಕೊಂಡು ಅದನ್ನು ಬಿಟ್ಟೆವು. ಅವರನ್ನು ವಾಪಸ್ ತನ್ನಿ. ಒಲಿವಿಯೇ ಅಂಥವರಿಗೇ, ಕಣ್ಣಿಗೆ ಕಾಣುವಷ್ಟು ಹತ್ತಿರ ಒಬ್ಬರು ನಿಂತಿರಬೇಕಿತ್ತು. ಗ್ರ್ಯಾಂಡ್ ರಿಹರ್ಸಲ್ ದಿನ ಒಂದು ದೃಶ್ಯವನ್ನು ಬೇಕೆಂದೇ ನಿಲ್ಲಿಸಿ, ಮಾತು ಮರೆತರೆ ಯಾರು ಎತ್ತಿಕೊಡುತ್ತಾರೆ, ಯಾವ ಸಾಲಿನಿಂದ ಮತ್ತೆ ಹಿಡಿಯುತ್ತೀರಿ ಅಂತ ತಂಡದ ಜೊತೆ ಒಮ್ಮೆ ಆಡಿ ನೋಡಿ. ಉದ್ದನೆಯ ಮಾತು ಇರುವವರ ದೃಶ್ಯದಿಂದಲೇ ಶುರು ಮಾಡಿ.